ಡೇನಿಯಲ್ ಬರ್ನೂಲಿ

ನಿಂತ ದ್ರವವನ್ನು ಅಳೆಯುವುದು ಸುಲಭ. ಅದಕ್ಕೆ ಪಾವು, ಸೇರು, ಲೀಟರುಗಳಿವೆ. ಕೊಳವೆಯೊಳಗೆ ಕಣ್ಣಿಗೆ ಕಾಣದೆ ಓಡುವ ದ್ರವವನ್ನು ಅಳೆಯುವುದೆಂತು? ಈ ಪ್ರಶ್ನೆಗೆ ದಾರಿ ತೋರಿದ ಮಹನೀಯರಲ್ಲಿ ಡೇನಿಯಲ್ ಬರ್ನೂಲಿ ಅಗ್ರಗಣ್ಯನು.

ಡೇನಿಯಲ್ 1700ನೆಯ ಇಸವಿ ಫೆಬ್ರವರಿ 8ರಂದು ಹಾಲೆಂಡಿನ ಗ್ರೋನಿಂಗೆನ್ ನಗರದಲ್ಲಿ ಜನಿಸಿದನು. ತಂದೆ ಯೋಹಾನ್ ಬರ್ನೂಲಿ ಅಲ್ಲಿ ಗಣಿತದ ಪ್ರಾಧ್ಯಾಪಕನು. 1705ರಲ್ಲಿ ಕುಟುಂಬವು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಹಿಂದಿರುಗಿತು. ತಾನು ಗಣಿತದಲ್ಲಿ ಮೇಧಾವಿಯಾಗಿದ್ದರೂ ಯೋಹಾನನು ಮಗನನ್ನು ವರ್ತಕನನ್ನಾಗಿ ಮಾಡಲೆಳಸಿದನು. ಡೇನಿಯಲ್ ಅದಕ್ಕೆ ಒಪ್ಪಲಿಲ್ಲ. ಕಡೆಗೆ ವೈದ್ಯಶಾಸ್ತ್ರವನ್ನು ಓದಿ, ಉಸಿರಾಟವನ್ನು ಕುರಿತು ಪ್ರಬಂಧ ಬರೆದು 1721ರಲ್ಲಿ ಪದವಿ ಪಡೆದನು. ಆದರೂ ಗಣಿತದ ಮೋಹ ಅವನನ್ನು ಬಿಡಲಿಲ್ಲ.

1725ರಲ್ಲಿ ಅಣ್ಣ ನಿಕೋಲಸನೊಡನೆ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಗೆ ತೆರಳಿದನು. ಮರುವರ್ಷವೇ ಅಣ್ಣನು ತೀರಿಕೊಂಡನು. ಆ ದುಃಖದ ನಡುವೆಯೂ ಅವನು ದ್ರವಗಳ ಚಲನೆಯನ್ನು ಅಭ್ಯಸಿಸುತ್ತ ಹೋದನು. 1733ರಲ್ಲಿ ಬಾಸೆಲ್‌ಗೆ ಮರಳಿದನು.

1734ರಲ್ಲಿ ಪ್ಯಾರಿಸ್ ಅಕಾಡೆಮಿಯ ಬಹುಮಾನವು ತಂದೆ ಮಕ್ಕಳಿಬ್ಬರಿಗೂ ಸಮವಾಗಿ ಹಂಚಿಕೆಯಾಯಿತು. ಹೆಮ್ಮೆಪಡಬೇಕಾಗಿದ್ದ ತಂದೆ, ಮಗನು ತನಗೆ ಸಾಟಿಯಾದನಲ್ಲಾ ಎಂದು ಕ್ರುದ್ಧನಾದನು. 1738ರಲ್ಲಿ ಡೇನಿಯಲನ ಮಹಾಗ್ರಂಥ ‘ಹೈಡ್ರೋಡೈನಾಮಿಕ’ ಪ್ರಕಟವಾಯಿತು. ಅದರ ಮುಖಪುಟದಲ್ಲಿ ಅವನು ತನ್ನನ್ನು ಯೋಹಾನನ ಮಗನೆಂದೇ ವಿನಯದಿಂದ ಕರೆದುಕೊಂಡಿದ್ದನು. ತಂದೆಯ ಮನಸ್ಸು ಕರಗಲಿಲ್ಲ. ಅದೇ ವಿಷಯವನ್ನು ಕುರಿತ ತನ್ನ ಗ್ರಂಥವನ್ನು ಆ ಬಳಿಕ ಹೊರತಂದು, ಅದನ್ನು 1732ರಲ್ಲಿಯೇ ರಚಿಸಿದಂತೆ ಕಾಣಿಸಿದನು. ತನ್ನ ಶ್ರಮದ ಫಲವನ್ನು ಹೆತ್ತವನೇ ಕಸಿದುಕೊಂಡನೆಂದು ಡೇನಿಯಲ್ ಬಹಳವಾಗಿ ನೊಂದನು.

ಅವನು ಕಂಡ ತತ್ತ್ವವೇನು? ಸಮತಲದಲ್ಲಿರುವ ಕೊಳವೆಯು ಕಿರಿದಾದೆಡೆಯಲ್ಲಿ ದ್ರವದ ವೇಗ ಹೆಚ್ಚುತ್ತದೆ, ಒತ್ತಡ ಕುಗ್ಗುತ್ತದೆ. ಅಗಲವಾದ ಭಾಗದ ಮತ್ತು ಕಿರಿದಾದ ಭಾಗದ ಒತ್ತಡಗಳ ಅಂತರ ತಿಳಿದರೆ, ಎಷ್ಟು ದ್ರವ ಹರಿಯುತ್ತಿದೆಯೆಂದು ಲೆಕ್ಕ ಹಾಕಬಹುದು. ಇಟಲಿಯ ವೆಂಚುರಿಯು ಇಂತಹ ಕೊಳವೆಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1797ರಲ್ಲಿ ಪ್ರಕಟಿಸಿದನು. ಅಮೆರಿಕದ ಕ್ಲೆಮೆನ್ಸ್ ಹರ್ಷೆಲ್ 1887ರಲ್ಲಿ ಅದನ್ನೇ ನೀರಿನ ಮೀಟರನ್ನಾಗಿಸಿ ‘ವೆಂಚುರಿ ಮೀಟರ್’ ಎಂದು ಹೆಸರಿಟ್ಟನು.

ನಮ್ಮ ನಗರದ ಪೆಟ್ರೋಲ್ ಪಂಪನ್ನೇ ನೋಡಿರಿ. ಅಲ್ಲಿ ಲೀಟರುಗಳನ್ನು ಎಣಿಸುವುದು ಸಾಮಾನ್ಯವಾಗಿ ಬೇರೊಂದು ಯಂತ್ರ: ಪೆಟ್ರೋಲು ಗೊತ್ತಾದ ಅಳತೆಯ ಕೋಣೆಗಳನ್ನು ತುಂಬಿ, ಪಿಸ್ಟನ್‌ಗಳನ್ನು ದೂಡಿ, ದಂಡವೊಂದನ್ನು ತಿರುಗಿಸುತ್ತದೆ, ಆ ಸುತ್ತುಗಳ ಲೆಕ್ಕವೇ ಲೀಟರಿನ ಲೆಕ್ಕ. ಆದರೆ ಟ್ಯಾಂಕು ತುಂಬಿದೊಡನೆ ತಾನಾಗಿ ನಿಲ್ಲುವ ನಳಿಕೆಯಲ್ಲಿ ಬರ್ನೂಲಿಯ ತತ್ತ್ವವಿದೆ. ನಳಿಕೆಯ ಕಿರಿದಾದ ಕಂಠದಲ್ಲಿ ಒತ್ತಡ ತಗ್ಗಿ, ಸಣ್ಣ ನಾಳವೊಂದರಿಂದ ಗಾಳಿಯನ್ನು ಹೀರುತ್ತದೆ. ಏರಿಬಂದ ಪೆಟ್ರೋಲು ಆ ನಾಳದ ಬಾಯನ್ನು ಮುಚ್ಚಿದಾಗ ಗಾಳಿ ನಿಂತು, ಒಳಗಿನ ತೆಳುಪೊರೆ ಸೆಳೆಯಲ್ಪಟ್ಟು, ಕವಾಟ ಮುಚ್ಚಿಕೊಳ್ಳುತ್ತದೆ.

ಡೇನಿಯಲ್ ಪ್ಯಾರಿಸ್ ಅಕಾಡೆಮಿಯ ಬಹುಮಾನವನ್ನು ಹತ್ತು ಬಾರಿ ಗಳಿಸಿ, 1782ರ ಮಾರ್ಚ್ 17ರಂದು ಬಾಸೆಲ್‌ನಲ್ಲಿ ನಿಧನನಾದನು. ತಂದೆಯ ಅಸೂಯೆ ಅವನ ಮನಸ್ಸನ್ನು ನೋಯಿಸಿತು. ಅವನ ಕೀರ್ತಿಯನ್ನು ಅಳಿಸಲಾರದೆ ಹೋಯಿತು. ಇಂದಿಗೂ ಆ ತತ್ತ್ವವನ್ನು ಲೋಕವು ಮಗನ ಹೆಸರಿನಿಂದಲೇ ಕರೆಯುತ್ತದೆ.