ಸ್ಕೌಟ್ ಪಿತಾಮಹ ಬೇಡನ್ ಪೊವೆಲ್

ರಾಬರ್ಟ್ ಬೇಡನ್ ಪೊವೆಲ್ 1857ರ ಫೆಬ್ರುವರಿ 22ರಂದು ಲಂಡನ್ನಿನಲ್ಲಿ ಜನಿಸಿದರು. ಮೂರು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯೇ ಮಕ್ಕಳನ್ನು ಬೆಳೆಸಿದರು. ಶಾಲೆಯಲ್ಲಿದ್ದಾಗ ಅವರು ಶಿಕ್ಷಕರ ಕಣ್ಣು ತಪ್ಪಿಸಿ ಪಕ್ಕದ ಕಾಡಿಗೆ ಹೋಗುತ್ತಿದ್ದರು. ಹೊಗೆ ಕಾಣದಂತೆ ಬೆಂಕಿ ಹಚ್ಚಿ ಅಡುಗೆ ಮಾಡುವುದನ್ನು ಅಲ್ಲೇ ಕಲಿತರು.

1876ರಲ್ಲಿ ಸೈನ್ಯ ಸೇರಿ ಭಾರತಕ್ಕೆ ಬಂದರು. ಮುಂದೆ ಬೋಯರ್ ಯುದ್ಧದಲ್ಲಿ ದಕ್ಷಿಣ ಆಫ್ರಿಕಾದ ಮೆಫೆಕಿಂಗ್ ಪಟ್ಟಣವನ್ನು 217 ದಿನಗಳ ಮುತ್ತಿಗೆಯಲ್ಲಿ ಉಳಿಸಿಕೊಂಡು ಹೆಸರಾದರು. ಅಲ್ಲಿ ಸಮವಸ್ತ್ರ ತೊಟ್ಟ ಹುಡುಗರು ಸಂದೇಶ ಮುಟ್ಟಿಸುತ್ತಿದ್ದರು. ಜವಾಬ್ದಾರಿ ಕೊಟ್ಟರೆ ಚಿಕ್ಕವರೂ ನಿಭಾಯಿಸುತ್ತಾರೆ ಎಂಬುದನ್ನು ಅವರು ಕಣ್ಣಾರೆ ಕಂಡರು.

1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರ ನಡೆಸಿದರು. ಶ್ರೀಮಂತರ ಮಕ್ಕಳೂ ಕಾರ್ಮಿಕರ ಮಕ್ಕಳೂ ಒಂದೇ ತಂಡದಲ್ಲಿದ್ದು ಡೇರೆಗಳಲ್ಲಿ ಮಲಗಿದರು. ಸ್ಕೌಟ್ ಚಳವಳಿ ಹುಟ್ಟಿದ್ದು ಹೀಗೆ. ಎಲ್ಲರೂ ಒಂದೇ ಸಮವಸ್ತ್ರ ತೊಟ್ಟರೆ ಬಡವ ಬಲ್ಲಿದ ಎಂಬ ಭೇದ ಕಾಣುವುದಿಲ್ಲ ಎಂದು ಅವರು ನಂಬಿದ್ದರು. ಬ್ಯಾಡ್ಜ್ ದುಡ್ಡು ಕೊಟ್ಟರೆ ಸಿಗುತ್ತಿರಲಿಲ್ಲ. ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ಅಡುಗೆ ಮುಂತಾದವನ್ನು ಮಾಡಿ ತೋರಿಸಿ ಗಳಿಸಬೇಕಿತ್ತು.

ಆದರೆ ಭಾರತದಲ್ಲಿ ಆರಂಭವಾದ ಮೊದಲ ದಳಗಳಲ್ಲಿ ಭಾರತೀಯ ಹುಡುಗರಿಗೇ ಪ್ರವೇಶವಿರಲಿಲ್ಲ! ಆದ್ದರಿಂದ ಆನಿ ಬೆಸೆಂಟ್ ಅವರು ಮದರಾಸಿನಲ್ಲಿ ಬೇರೆ ಸ್ಕೌಟ್ ಸಂಘ ಕಟ್ಟಿದರು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಆ ಸಂಘವನ್ನು ತಮ್ಮ ಚಳವಳಿಯೊಳಗೆ ಸೇರಿಸಿಕೊಂಡರು.

1941ರ ಜನವರಿ 8ರಂದು ಕೀನ್ಯಾದಲ್ಲಿ ಅವರು ನಿಧನರಾದರು. ಸಮವಸ್ತ್ರ ಭೇದ ಮರೆಸಬೇಕಾದರೆ ಮೊದಲು ಅದು ಎಲ್ಲರಿಗೂ ಸಿಗಬೇಕು. ಅವರ ಜೀವನದಿಂದ ನಾವು ಕಲಿಯಬೇಕಾದ ಪಾಠ ಇದೇ.