ಧರಣಿಯ ತಂದೆ ಬಿರ್ಸಾ ಮುಂಡಾ

ಸಿಂಹಾಸನವಿಲ್ಲದೆ, ಸೈನ್ಯವಿಲ್ಲದೆ, ಇಪ್ಪತ್ತೈದು ವರ್ಷ ತುಂಬುವ ಮೊದಲೇ ಸೆರೆಮನೆಯಲ್ಲಿ ಪ್ರಾಣ ನೀಗಿದ ತರುಣನೊಬ್ಬನನ್ನು ಆತನ ಜನರು ಧರ್ತಿ ಆಬಾ, ಎಂದರೆ ಧರಣಿಯ ತಂದೆ, ಎಂದು ಪೂಜಿಸಿದರು. ಆತನೇ ಛೋಟಾನಾಗಪುರದ ಬಿರ್ಸಾ ಮುಂಡಾ.

ಇಂದಿನ ಝಾರ್ಖಂಡ ರಾಜ್ಯದ ಖೂಂಟಿ ಜಿಲ್ಲೆಗೆ ಸೇರಿದ ಉಲಿಹಾತು ಗ್ರಾಮದಲ್ಲಿ 1875ರ ನವೆಂಬರ್ 15ರಂದು ಬಿರ್ಸಾ ಜನಿಸಿದನು. ತಂದೆ ಸುಗನಾ, ತಾಯಿ ಕರ್ಮಿ. ಕಡುಬಡತನದ ಮನೆಯಲ್ಲಿ ಕುರಿ ಮೇಯಿಸುತ್ತ, ಕೊಳಲು ನುಡಿಸುತ್ತ ಬೆಳೆದ ಬಾಲಕನು ಚಾಯಿಬಾಸಾದ ಜರ್ಮನ್ ಮಿಶನ್ ಶಾಲೆಯಲ್ಲಿ ಕೆಲವು ವರ್ಷ ವಿದ್ಯಾಭ್ಯಾಸ ಮಾಡಿದನು.

ಆತನ ಹೋರಾಟದ ಮರ್ಮವನ್ನು ಅರಿಯಬೇಕಾದರೆ ಮುಂಡಾ ಜನರ ಭೂಪದ್ಧತಿಯನ್ನು ತಿಳಿಯಬೇಕು. ಕಾಡು ಕಡಿದು ಊರು ಕಟ್ಟಿದ ಪೂರ್ವಿಕರ ಇಡೀ ಸಂತತಿಗೆ ಆ ನೆಲ ಸಾಮೂಹಿಕವಾಗಿ ಸೇರಿದುದು. ಈ ಪದ್ಧತಿಗೆ ಖುಂಟಕಟ್ಟಿ ಎಂದು ಹೆಸರು. ಹಿರಿಯರ ಅಸ್ಥಿಗಳ ಮೇಲಿರಿಸಿದ ಕಲ್ಲುಗಳೇ ಅವರ ಹಕ್ಕುಪತ್ರಗಳು. ಆದರೆ ಬ್ರಿಟಿಷರ ನ್ಯಾಯಾಲಯವು ಕಾಗದವನ್ನು ನಂಬಿತೇ ಹೊರತು ಕಲ್ಲನ್ನು ನಂಬಲಿಲ್ಲ. ಹೊರಗಿನಿಂದ ಬಂದ ಜಾಗೀರುದಾರರೂ ಗುತ್ತಿಗೆದಾರರೂ ಸಾಹುಕಾರರೂ ನೆಲದ ಒಡೆಯರಾದರು. ನೆಲವನ್ನು ಹಸನುಗೊಳಿಸಿದವರ ಮಕ್ಕಳು ಬಿಟ್ಟಿ ದುಡಿಯುವ ಒಕ್ಕಲುಗಳಾದರು. ಅರಣ್ಯ ಕಾಯಿದೆಯಿಂದ ಊರಿನ ಸುತ್ತಣ ಕಾಡಿನ ಮೇಲಿನ ಹಕ್ಕೂ ಮೊಟಕಾಯಿತು. ಮುಂಡಾ ಸರದಾರರು ದಶಕಗಳ ಕಾಲ ಸರಕಾರಕ್ಕೆ ಅರ್ಜಿಗಳನ್ನು ಸಲ್ಲಿಸಿದರು. ಫಲ ದೊರೆಯಲಿಲ್ಲ.

1895ರಲ್ಲಿ ಬಿರ್ಸಾ ಧರ್ಮೋಪದೇಶಕನಾಗಿ ಜನರ ಮುಂದೆ ನಿಂತನು. ದೇವನೊಬ್ಬನೇ ಎಂದು ಸಾರಿದನು. ಪ್ರಾಣಿಬಲಿಯನ್ನೂ ಮದ್ಯಪಾನವನ್ನೂ ತೊರೆಯಲು ಬೋಧಿಸಿದನು. ಸಾವಿರಾರು ಜನ ನೆರೆದರು. ಕಳವಳಗೊಂಡ ಸರಕಾರವು ಅದೇ ವರ್ಷ ಆತನನ್ನು ಬಂಧಿಸಿ ಎರಡು ವರ್ಷ ಹಜಾರಿಬಾಗಿನ ಸೆರೆಯಲ್ಲಿಟ್ಟಿತು. ಬಿಡುಗಡೆಯಾದ ಬಳಿಕ ಆತನು ಹಳ್ಳಿಗಳಲ್ಲಿ ಗುಪ್ತಸಭೆಗಳನ್ನು ನಡೆಸಿ ಜನರನ್ನು ಸಂಘಟಿಸಿದನು.

1899ರ ಡಿಸೆಂಬರ್ 24ರಂದು ಉಲ್ಗುಲಾನ್ ಎಂಬ ಮಹಾದಂಗೆ ಎದ್ದಿತು. ಪೊಲೀಸ್ ಠಾಣೆಗಳ ಮೇಲೂ ಚರ್ಚುಗಳ ಮೇಲೂ ಬಾಣಗಳು ಬಿದ್ದವು. ಎರಡು ಕಡೆಯೂ ರಕ್ತ ಹರಿಯಿತು. 1900ರ ಜನವರಿ 9ರಂದು ಸೈಲ್ ರಕಬ್ ಬೆಟ್ಟದಲ್ಲಿ ನೆರೆದಿದ್ದವರ ಮೇಲೆ ಸೈನಿಕರು ಗುಂಡು ಹಾರಿಸಿದರು. ಬಿಲ್ಲು ಬಂದೂಕಿಗೆ ಸೋತಿತು. ಫೆಬ್ರವರಿಯಲ್ಲಿ ಸೆರೆಸಿಕ್ಕ ಬಿರ್ಸಾ ಜೂನ್ 9ರಂದು ರಾಂಚಿಯ ಕಾರಾಗೃಹದಲ್ಲಿ ಅಸುನೀಗಿದನು. ಕಾಲರಾ ರೋಗದಿಂದ ಮರಣವೆಂದು ಸರಕಾರ ಹೇಳಿತು. ಆತನ ಜನ ಅದನ್ನು ನಂಬಲಿಲ್ಲ.

ದಂಗೆ ಅಡಗಿತಾದರೂ ಅದು ಎತ್ತಿದ ಪ್ರಶ್ನೆ ಅಡಗಲಿಲ್ಲ. ಸರಕಾರವು ಭೂಮಾಪನ ಕೈಗೊಂಡು ಹಕ್ಕುಗಳನ್ನು ದಾಖಲಿಸಿತು. 1908ರ ಛೋಟಾನಾಗಪುರ ಗೇಣಿ ಕಾಯಿದೆಯು ಖುಂಟಕಟ್ಟಿ ಹಕ್ಕನ್ನು ಮನ್ನಿಸಿ, ಆದಿವಾಸಿಗಳ ಭೂಮಿ ಪರರ ಪಾಲಾಗದಂತೆ ನಿರ್ಬಂಧ ವಿಧಿಸಿತು. ಕಾಗದವು ಕೊನೆಗೂ ಕಲ್ಲಿನ ಮಾತನ್ನು ಒಪ್ಪಿತು. ಆತನ ಜನ್ಮದಿನದಂದೇ, 2000ದ ನವೆಂಬರ್ 15ರಂದು, ಝಾರ್ಖಂಡ ರಾಜ್ಯ ಉದಯಿಸಿತು. 2016ರಲ್ಲಿ ಈ ಕಾಯಿದೆಯನ್ನು ಸಡಿಲಿಸುವ ತಿದ್ದುಪಡಿಯನ್ನು ಅಲ್ಲಿನ ವಿಧಾನಸಭೆ ಅಂಗೀಕರಿಸಿದಾಗ ಆದಿವಾಸಿಗಳು ಬೀದಿಗಿಳಿದರು. ಮರುವರ್ಷ ರಾಜ್ಯಪಾಲರು ಅದನ್ನು ಹಿಂದಿರುಗಿಸಿದರು.

ವಿದ್ಯಾರ್ಥಿಗಳು ಗಮನಿಸಬೇಕಾದುದು ಇದು: ಗಳಿಸಿದ ಹಕ್ಕು ತಾನಾಗಿಯೇ ಉಳಿಯುವುದಿಲ್ಲ. ಪ್ರತಿ ತಲೆಮಾರೂ ಎಚ್ಚರದಿಂದ ಕಾಯ್ದರೆ ಮಾತ್ರ ನೆಲ ಮಕ್ಕಳಿಗೆ ದಕ್ಕುತ್ತದೆ.