ಮಂಡ್ಯ ಸೀಮೆಯ ಕಾಡುಮೇಡು ಕಂಡ ಫ್ರಾನ್ಸಿಸ್ ಬುಕಾನನ್

ಕೃಷ್ಣರಾಜಸಾಗರದ ನಾಲೆಗಳು ಹರಿದ ಮೇಲೆ ಮಂಡ್ಯ ಎಂದರೆ ಕಬ್ಬು, ಭತ್ತದ ನಾಡು ಎಂಬುದೇ ಎಲ್ಲರ ಭಾವನೆ. ಆದರೆ ಅಣೆಕಟ್ಟಿಗೆ ನೂರು ವರ್ಷಗಳಿಗೂ ಮೊದಲು, ಯುದ್ಧದಿಂದ ಜರ್ಜರಿತವಾಗಿದ್ದ ಈ ಸೀಮೆಯನ್ನು ಊರೂರು ಸುತ್ತಿ ನೋಡಿ ಬರೆದಿಟ್ಟ ಒಬ್ಬ ವಿದೇಶಿ ವೈದ್ಯನಿದ್ದ. ಬೆಳೆ, ಕೆರೆ, ಕಸುಬುಗಳ ಜೊತೆಗೆ ಮರಗಿಡಗಳ ಹೆಸರನ್ನೂ ಜನರ ಬಾಯಿಂದಲೇ ಕೇಳಿ ದಾಖಲಿಸಿದ ಆತನೇ ಫ್ರಾನ್ಸಿಸ್ ಬುಕಾನನ್.

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1783ರಲ್ಲಿ ವೈದ್ಯ ಪದವಿ ಪಡೆದ. ಅಲ್ಲಿಯೇ ಜಾನ್ ಹೋಪ್ ಎಂಬ ಅಧ್ಯಾಪಕರಿಂದ ಸಸ್ಯಶಾಸ್ತ್ರದ ಗೀಳು ಹತ್ತಿತು. ಆ ಕಾಲದಲ್ಲಿ ಔಷಧವೆಂದರೆ ಬಹುಪಾಲು ಗಿಡಮೂಲಿಕೆಯೇ ಆಗಿದ್ದುದರಿಂದ ವೈದ್ಯನಾದವನು ಸಸ್ಯಗಳನ್ನು ಬಲ್ಲವನಾಗಿರಬೇಕಿತ್ತು. ಕೆಲಕಾಲ ಹಡಗುಗಳಲ್ಲಿ ವೈದ್ಯನಾಗಿ ದುಡಿದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದ. ಮರುವರ್ಷವೇ ಬರ್ಮಾ ದೇಶಕ್ಕೆ ತೆರಳಿದ ರಾಯಭಾರ ತಂಡದ ಜೊತೆ ಹೋಗಿ ಅಲ್ಲಿನ ಸಸ್ಯಗಳನ್ನು ಸಂಗ್ರಹಿಸಿದ.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಯಿತು. ಅದಕ್ಕೆ ಕೆಲವೇ ವಾರಗಳ ಮೊದಲು, ಮಾರ್ಚ್ 27ರಂದು, ಟಿಪ್ಪು ಸುಲ್ತಾನನ ಸೇನೆಗೂ ಇಂಗ್ಲಿಷರ ಸೇನೆಗೂ ಮಳವಳ್ಳಿಯ ಬಳಿ ಕಾಳಗ ನಡೆದಿತ್ತು. ಹೊಸದಾಗಿ ಕೈಸೇರಿದ ಪ್ರದೇಶಗಳಲ್ಲಿ ಏನೇನು ಬೆಳೆಯುತ್ತದೆ, ಏನೇನು ತಯಾರಾಗುತ್ತದೆ, ಯಾವುದರಿಂದ ಎಷ್ಟು ಲಾಭ ಎಂಬುದನ್ನು ತಿಳಿಯುವ ಆತುರ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಇತ್ತು. ಈ ಕೆಲಸ ಬುಕಾನನ್ ಪಾಲಿಗೆ ಬಂತು. ಬೇಸಾಯ, ಜಾನುವಾರು, ಹತ್ತಿ, ಮೆಣಸು, ಏಲಕ್ಕಿ, ಶ್ರೀಗಂಧ, ಗಣಿ, ನೇಯ್ಗೆ ಎಲ್ಲವೂ ಆತನ ತನಿಖೆಯ ವ್ಯಾಪ್ತಿಗೆ ಸೇರಿದ್ದವು.

ಮದ್ದೂರಿನಿಂದ ಮಳವಳ್ಳಿಗೆ

1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟ ಬುಕಾನನ್ ಬೆಂಗಳೂರು, ಚನ್ನಪಟ್ಟಣಗಳನ್ನು ಹಾದು ಮೇ ತಿಂಗಳಲ್ಲಿ ಮದ್ದೂರಿಗೆ ಬಂದ. ಹೈದರಾಲಿ ಕಟ್ಟಿಸಿದ್ದ ಮದ್ದೂರಿನ ಕೋಟೆಯನ್ನು 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಕೆಡವಿಹಾಕಿತ್ತು. ಪದೇ ಪದೇ ಸೇನೆಗಳು ಹಾದುಹೋದ ದಾರಿ ಅದು. ಮಂಡ್ಯದ ಮೂಲಕ ಶ್ರೀರಂಗಪಟ್ಟಣ ಸೇರಿ, ಅಲ್ಲಿ ದಿವಾನ್ ಪೂರ್ಣಯ್ಯನವರನ್ನು ಭೇಟಿಯಾದ. ಅಲ್ಲಿಂದ ಬೆಂಗಳೂರು, ಮಾಗಡಿ, ಕೋಲಾರ, ಶಿರಾ ಕಡೆ ಸುತ್ತಾಡಿ ಮತ್ತೆ ಕಾವೇರಿ ತೀರಕ್ಕೆ ಮರಳಿದ.

ಅದೇ ವರ್ಷದ ಉತ್ತರಾರ್ಧದಲ್ಲಿ ಆತ ಮಳವಳ್ಳಿಗೆ ಬಂದ. ಹೈದರಾಲಿ ಮಳವಳ್ಳಿಯನ್ನು ಮಗ ಟಿಪ್ಪುವಿಗೆ ಜಹಗೀರಾಗಿ ಕೊಟ್ಟಿದ್ದ. ಅಲ್ಲಿ ಟಿಪ್ಪು ಬೆಳೆಸಿದ 2,400 ಗಿಡಗಳ ಹಣ್ಣಿನ ತೋಟವನ್ನು ಬುಕಾನನ್ ಕಂಡ. ಅದರಲ್ಲಿ ಅರ್ಧದಷ್ಟು ಮಾವಿನ ಮರಗಳೇ ಇದ್ದವು. ಮುಂದೆ ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿಗಳನ್ನು ನೋಡಿ ಕೊಳ್ಳೇಗಾಲದ ದಾರಿ ಹಿಡಿದ. ಈ ಸೀಮೆಯ ಕಾಡು ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಸುತ್ತಲಿನ ಅರಣ್ಯ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ.

ಬುಕಾನನ್ ಬರವಣಿಗೆಯ ವಿಶೇಷವೆಂದರೆ, ಕಾಡನ್ನು ಆತ ಬರಿಯ ಮರಮುಟ್ಟಿನ ಉಗ್ರಾಣವೆಂದು ನೋಡಲಿಲ್ಲ. ಹೊನ್ನೆ, ಮತ್ತಿ, ದಿಂಡಿಗ, ಜಾಲ ಮೊದಲಾದ ಮರಗಳನ್ನು ಕನ್ನಡದ ಹೆಸರುಗಳೊಡನೆ ಪಟ್ಟಿ ಮಾಡಿದ. ಯಾವ ಮರ ಎಷ್ಟು ಎತ್ತರ ಬೆಳೆಯುತ್ತದೆ, ಯಾವುದು ಮನೆ ಕಟ್ಟಲು, ಯಾವುದು ನೇಗಿಲಿಗೆ ಎಂದು ವಿಚಾರಿಸಿದ. ಅರಗು ಕೊಡುವ ಮರ ಯಾವುದು, ಚರ್ಮ ಹದ ಮಾಡಲು ಯಾವ ತೊಗಟೆ ಬೇಕು, ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಇದ್ದಿಲು ಎಲ್ಲಿಂದ ಬರುತ್ತದೆ ಎಂಬುದನ್ನೂ ಬಿಡಲಿಲ್ಲ. ದನಗಾಹಿಗೆ ಹುಲ್ಲುಗಾವಲು, ರೈತನಿಗೆ ಸೊಪ್ಪುಗೊಬ್ಬರ, ಕಮ್ಮಾರನಿಗೆ ಇದ್ದಿಲು, ಕಾಡಿನವರಿಗೆ ಜೇನು ಹೀಗೆ ಒಂದೇ ಕಾಡು ಹಲವರ ಬದುಕಿಗೆ ಆಸರೆಯಾಗಿದ್ದುದು ಆತನ ಪುಟಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ದೇವರ ಕಾಡು, ದೊರೆಯ ಕಾಡು

ಕೊಯಮತ್ತೂರು, ಮಲಬಾರುಗಳನ್ನು ಸುತ್ತಿ 1801ರ ಆರಂಭದಲ್ಲಿ ಕೆನರಾ ಕರಾವಳಿಗೆ ಬಂದ ಬುಕಾನನ್‌ಗೆ ಅಲ್ಲಿ ಒಂದು ವಿಶಿಷ್ಟ ಪದ್ಧತಿ ಎದುರಾಯಿತು. ಇಂದಿನ ಉತ್ತರ ಕನ್ನಡದ ಹಳ್ಳಿಗಳಲ್ಲಿ ಕಾಡು ಊರ ದೇವರ ಸ್ವತ್ತು ಎಂಬ ನಂಬಿಕೆ ಇತ್ತು. ಮರ ಕಡಿಯಬೇಕಾದವನು ಊರ ಗೌಡನ ಅಪ್ಪಣೆ ಪಡೆಯಬೇಕು. ಗೌಡನೇ ದೇವರ ಪೂಜಾರಿಯೂ ಹೌದು. ಅಪ್ಪಣೆಗೆ ಹಣ ಕೊಡಬೇಕಿರಲಿಲ್ಲ. ಕೇಳದೆ ಕಡಿದವನನ್ನು ಮಾತ್ರ ದೇವರು ಸುಮ್ಮನೆ ಬಿಡುವುದಿಲ್ಲ ಎಂಬ ಭಯವಿತ್ತು.

ಇದನ್ನು ಅಷ್ಟು ವಿವರವಾಗಿ ದಾಖಲಿಸಿದ ಬುಕಾನನ್, ಅದಕ್ಕೆ ಕೊಟ್ಟ ಅರ್ಥ ಮಾತ್ರ ಬೇರೆ. ಸರ್ಕಾರ ಕಾಡಿನ ಒಡೆತನ ಸ್ಥಾಪಿಸದಂತೆ ತಡೆಯಲು ಹೂಡಿದ ಉಪಾಯವಿದು ಎಂದು ಆತ ಶಂಕಿಸಿದ. ಊರಿನವರೇ ತಮ್ಮ ಕಾಡಿಗೆ ಹಾಕಿಕೊಂಡ ಕಟ್ಟುಪಾಡು ಕಂಪನಿಯ ನೌಕರನ ಕಣ್ಣಿಗೆ ತಂತ್ರವಾಗಿ ಕಂಡಿತು. ಕಣ್ಣು ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದ ಆತ, ಅದರ ಬೆಲೆಯನ್ನು ಮಾತ್ರ ತನ್ನ ಒಡೆಯರ ತಕ್ಕಡಿಯಲ್ಲಿ ತೂಗಿದ.

ಈ ಶಂಕೆ ಆತನೊಬ್ಬನದೇ ಆಗಿರಲಿಲ್ಲ. 1864ರಲ್ಲಿ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ. 1878ರ ಅರಣ್ಯ ಕಾಯಿದೆ ಕಾಡುಗಳನ್ನು ಮೀಸಲು, ರಕ್ಷಿತ, ಗ್ರಾಮ ಅರಣ್ಯ ಎಂದು ವಿಂಗಡಿಸಿತು. ಗ್ರಾಮ ಅರಣ್ಯಗಳಿಗೆ ಹೆಚ್ಚಿನ ಒತ್ತು ಕೊಡಬೇಕೆಂಬ ಬ್ರಾಂಡಿಸ್ ಆಶಯ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ರೈಲು ಹಳಿಗಳ ದಿಮ್ಮಿ, ಹಡಗಿನ ತೇಗ ಮುಖ್ಯವಾದವು. ಸೊಪ್ಪು, ಸೌದೆ, ಮೇವಿಗೆ ಕಾಡಿಗೆ ಹೋಗುವವರು ಕಾನೂನಿನ ಕಣ್ಣಿನಲ್ಲಿ ತಪ್ಪಿತಸ್ಥರಾದರು.

ಯೂರೋಪಿನಲ್ಲೂ ಸುಸ್ಥಿರತೆಯ ಕಲ್ಪನೆ ಮೊದಲು ಮೊಳೆತದ್ದು ಮರಮುಟ್ಟಿನ ಚಿಂತೆಯಿಂದಲೇ. ಸ್ಯಾಕ್ಸನಿಯ ಗಣಿಗಳಿಗೆ ಸೌದೆ ಸಾಲದಾಗುವ ಭಯದಲ್ಲಿ ಕಾರ್ಲೋವಿಟ್ಜ್ ಎಂಬ ಗಣಿ ಅಧಿಕಾರಿ 1713ರಲ್ಲಿ ಈ ಕುರಿತು ಗ್ರಂಥ ಬರೆದ. ಆ ಕಲ್ಪನೆ ಮರದ ಲೆಕ್ಕವನ್ನು ಮೀರಲು ಬಹುಕಾಲ ಹಿಡಿಯಿತು. 1993ರಲ್ಲಿ ಹೆಲ್ಸಿಂಕಿಯಲ್ಲಿ ಸೇರಿದ ಯೂರೋಪಿನ ಅರಣ್ಯ ಸಚಿವರು, ಕಾಡಿನ ಜೀವವೈವಿಧ್ಯ, ಉತ್ಪಾದನೆ, ಮರುಹುಟ್ಟಿನ ಶಕ್ತಿ ಕುಂದದಂತೆ ಪರಿಸರ, ಆರ್ಥಿಕ ಹಾಗೂ ಸಾಮಾಜಿಕ ಉದ್ದೇಶಗಳು ಒಟ್ಟಿಗೆ ಈಡೇರಬೇಕು ಎಂಬ ವ್ಯಾಖ್ಯೆಯನ್ನು ಒಪ್ಪಿದರು. ಐರೋಪ್ಯ ಒಕ್ಕೂಟದ 2013 ಮತ್ತು 2021ರ ಅರಣ್ಯ ಕಾರ್ಯನೀತಿಗಳಲ್ಲೂ ಕಾಡಿನ ಬಹೂಪಯೋಗದ ತತ್ವವಿದೆ. ಭಾರತದಲ್ಲಿ 1988ರ ರಾಷ್ಟ್ರೀಯ ಅರಣ್ಯ ನೀತಿ ಮರಮುಟ್ಟಿನ ಲಾಭಕ್ಕಿಂತ ಪರಿಸರದ ಸಮತೋಲನ ದೊಡ್ಡದೆಂದು ಸಾರಿತು. 2006ರ ಅರಣ್ಯ ಹಕ್ಕು ಕಾಯಿದೆ ಗ್ರಾಮಸಭೆಗೆ ಕಾಡು ಕಾಯುವ ಅಧಿಕಾರ ನೀಡಿತು. ಊರ ಗೌಡನ ಅಪ್ಪಣೆಯಲ್ಲಿದ್ದ ಮೂಲ ಪ್ರಶ್ನೆ, ಅಂದರೆ ಕಾಡಿನ ಬಗ್ಗೆ ನಿರ್ಧರಿಸುವವರು ಯಾರು ಎಂಬುದು, ಹೀಗೆ ಎರಡು ಶತಮಾನಗಳ ಬಳಿಕ ಕಾನೂನಿನ ಪುಸ್ತಕ ಸೇರಿತು.

ಕೊನೆಯ ದಿನಗಳು

1801ರ ಜುಲೈನಲ್ಲಿ ಬುಕಾನನ್ ಮದರಾಸಿಗೆ ಮರಳಿದ. ಮೈಸೂರು, ಕೆನರಾ, ಮಲಬಾರು ಪ್ರವಾಸದ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ವರದಿ ಪ್ರಕಟವಾಗುವ ಮೊದಲೇ ನೇಪಾಳಕ್ಕೆ ಹೋಗಿಬಂದಿದ್ದ. 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಸಮೀಕ್ಷೆ ನಡೆಸಿದ. 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದರೂ ಮರುವರ್ಷವೇ ಅನಾರೋಗ್ಯದಿಂದ ಸ್ವದೇಶಕ್ಕೆ ಹೊರಟ. ಹೊರಡುವ ಹೊತ್ತಿನಲ್ಲಿ, ಆತ ಚಿತ್ರಕಾರರಿಂದ ಬರೆಸಿದ್ದ ಚಿತ್ರಗಳನ್ನು ಸರ್ಕಾರ ತನ್ನ ಸ್ವತ್ತೆಂದು ಇಟ್ಟುಕೊಂಡಿತು. ಕಾಡಿನ ಮೇಲೆ ಸರ್ಕಾರದ ಒಡೆತನವನ್ನು ಸಮರ್ಥಿಸಿದವನಿಗೆ ಆ ಒಡೆತನದ ಬಿಸಿ ಸ್ವತಃ ತಟ್ಟಿತು.

ತಾಯಿಯ ಕಡೆಯ ಆಸ್ತಿ ಬಂದ ಮೇಲೆ 1818ರಲ್ಲಿ ಹ್ಯಾಮಿಲ್ಟನ್ ಎಂಬ ಹೆಸರು ಸೇರಿಸಿಕೊಂಡ. 1822ರಲ್ಲಿ ಗಂಗಾ ನದಿಯ ಮೀನುಗಳ ಕುರಿತ ಗ್ರಂಥ ಹೊರತಂದ. ಇಂದು ಕರ್ನಾಟಕದ ಕೆರೆಗಳಲ್ಲಿ ಸಾಕುವ ರೋಹು, ಕಾಟ್ಲಾ ಮೀನುಗಳ ವೈಜ್ಞಾನಿಕ ವಿವರಣೆ ಮೊದಲಿಗೆ ಬಂದದ್ದು ಅದರಲ್ಲೇ. 1829ರ ಜೂನ್ 15ರಂದು ಸ್ಕಾಟ್ಲೆಂಡಿನಲ್ಲಿ ನಿಧನನಾದ.

ಆತನ ತೀರ್ಪುಗಳನ್ನು ಒಪ್ಪಬೇಕಾಗಿಲ್ಲ. ಸ್ಥಳೀಯ ಜನರ ಬಗ್ಗೆ ಆತನ ಮಾತು ಅನೇಕ ಕಡೆ ಕಟುವಾಗಿದೆ. ಆದರೂ 1800ರ ಹಳೆಯ ಮೈಸೂರು ಸೀಮೆಯಲ್ಲಿ ಯಾವ ಮರಗಳಿದ್ದವು, ಅವು ಯಾರ ಬದುಕಿಗೆ ಹೇಗೆ ಒದಗುತ್ತಿದ್ದವು ಎಂದು ತಿಳಿಯಬೇಕಾದವರು ಇಂದಿಗೂ ಮೊದಲು ತೆರೆಯಬೇಕಾದುದು ಬುಕಾನನ್‌ನ ಸಂಪುಟಗಳನ್ನೇ.